ಕಾರಿಲ್ಲದ ಊರಲ್ಲಿ ಸ್ಕೀ ಕಲಿಯುವುದು: ಝರ್ಮಾಟ್‌ಗೆ ಮೊದಲ ಸಲ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಮುಳ್ಳಯ್ಯನಗಿರಿಯ ತುದಿ 1,930 ಮೀಟರ್ ಎತ್ತರದಲ್ಲಿದೆ. ಸ್ವಿಟ್ಜರ್ಲೆಂಡಿನ ಝರ್ಮಾಟ್ ಊರು ಇರುವುದು ಸುಮಾರು 1,620 ಮೀಟರ್‌ನಲ್ಲಿ. ಅಂದರೆ ಚಿಕ್ಕಮಗಳೂರಿನ ಬೆಟ್ಟ ಹತ್ತಿದವರು ಆ ಊರಿಗಿಂತ ಎತ್ತರದಲ್ಲಿ ಈಗಾಗಲೇ ನಿಂತಿದ್ದಾರೆ. ಊರಲ್ಲಿ ಮಲಗಿ ಎದ್ದರೆ ಯಾರಿಗೂ ಉಸಿರು ಕಟ್ಟುವುದಿಲ್ಲ. ಆದರೆ ಅದೇ ಊರಿನಿಂದ ಕೇಬಲ್ ಕಾರು ಹತ್ತಿದರೆ ಒಂದು ಗಂಟೆಯೊಳಗೆ ನೀವು 3,883 ಮೀಟರ್ ಮೇಲಿರುತ್ತೀರಿ. ಅದು ಮುಳ್ಳಯ್ಯನಗಿರಿಯ ಎರಡರಷ್ಟು.

ಮೊದಲ ಸಲ ಸ್ಕೀ ಮಾಡಲು ಹೋಗುವವರ ವಾರ ಚೆನ್ನಾಗಿರುತ್ತದೋ ಇಲ್ಲವೋ ಅನ್ನುವುದು ಎರಡೇ ವಿಷಯದಲ್ಲಿ ನಿರ್ಧಾರವಾಗುತ್ತದೆ ಅಂತ ನನಗೆ ಅನುಭವದಿಂದ ಗೊತ್ತಾಗಿದೆ. ಒಂದು, ಎಷ್ಟು ಬೇಗ ಮೇಲೆ ಹೋಗುತ್ತೀರಿ. ಇನ್ನೊಂದು, ಎಷ್ಟು ದೂರ ನಡೆಯುತ್ತೀರಿ. ಈ ಊರಲ್ಲಿ ಪೆಟ್ರೋಲ್, ಡೀಸೆಲ್ ಕಾರು ಓಡಿಸುವಂತಿಲ್ಲ. ಹಾಗಾಗಿ ಸ್ಕೀ, ಬೂಟು, ಕೋಲು, ಮಗುವಿನ ಹೆಲ್ಮೆಟ್ಟು, ಎಲ್ಲವೂ ನಿಮ್ಮ ಹೆಗಲ ಮೇಲೆ. ಕೆಳಗೆ ಬರೆದಿರುವ ಬಹುಪಾಲು ಮಾತು ಈ ಎರಡಕ್ಕೇ ಸಂಬಂಧಿಸಿದ್ದು.

ಯಾವ ತಿಂಗಳು

ಡಿಸೆಂಬರಿನಿಂದ ಏಪ್ರಿಲ್ ಅರ್ಧದವರೆಗೆ ಒಳ್ಳೆಯ ಕಾಲ. ಹೊಸದಾಗಿ ಕಲಿಯುವವರಿಗೆ ನಾನು ಹೇಳುವುದು ಮಾರ್ಚ್ ತಿಂಗಳ ಮೊದಲ ಮೂರು ವಾರ. ಹಗಲು ಉದ್ದ, ಬಿಸಿಲಿರುತ್ತದೆ. ಊರು ಎತ್ತರದಲ್ಲಿರುವುದರಿಂದ ಮೇಲಿನ ಹಿಮ ಇನ್ನೂ ಗಟ್ಟಿಯಾಗಿರುತ್ತದೆ. ಜನವರಿಯಲ್ಲಿ ಹೊಸ ವರ್ಷದ ಗದ್ದಲ ಮುಗಿದ ಮೇಲೆ ಜನ ಕಡಿಮೆ, ಆದರೆ ಚಳಿ ಕಠೋರ. ಚಳಿಗೆ ಹೆದರಿ ಮೈ ಬಿಗಿ ಹಿಡಿದರೆ ಕಲಿಕೆ ಸಾಗುವುದಿಲ್ಲ. ಫೆಬ್ರವರಿಯಲ್ಲಿ ಯುರೋಪಿನ ಶಾಲೆಗಳಿಗೆ ರಜೆ. ಆಗ ಬೆಟ್ಟದ ಮೇಲೆ ಒಯ್ಯುವ ಲಿಫ್ಟಿಗೆ ಸಾಲು, ಮನೆ ಬಾಡಿಗೆಯೂ ಜಾಸ್ತಿ.

ಬೇಸಿಗೆಯಲ್ಲೂ ಇಲ್ಲಿ ಥಿಯೊಡುಲ್ ಹಿಮನದಿಯ ಮೇಲೆ ಸ್ಕೀ ಮಾಡಬಹುದು ಎಂದು ಕೇಳಿರುತ್ತೀರಿ. ನಿಜ. ಆದರೆ ಅದು 3,000 ಮೀಟರ್‌ಗೂ ಮೇಲೆ. ಕಲಿಯುವವರ ಜಾಗ ಅಲ್ಲ. 2022ರ ಜುಲೈನಲ್ಲಿ ಬಿಸಿಲಿಗೆ ಹಿಮ ಎಷ್ಟು ಕರಗಿತ್ತೆಂದರೆ ಕೆಲವು ಕಾಲ ಅಲ್ಲಿ ಬೇಸಿಗೆ ಸ್ಕೀ ನಿಲ್ಲಿಸಬೇಕಾಯಿತು. ಆ ಹಿಮನದಿ ವರ್ಷ ವರ್ಷ ಹಿಂದೆ ಸರಿಯುತ್ತಿದೆ. ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ವೀಸಾ ಮತ್ತು ವಿಮೆ

ಭಾರತದಿಂದ ಹೋಗುವವರಿಗೆ ಷೆಂಗೆನ್ ವೀಸಾ ಬೇಕು. ಅದಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆಯೂ ಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ವೀಸಾಗೆಂದು ತೆಗೆದುಕೊಂಡ ವಿಮೆಯಲ್ಲಿ ಸ್ಕೀಯಿಂಗ್ ಸೇರಿದೆಯೇ ಎಂದು ಓದಿ ನೋಡುವುದಿಲ್ಲ. ಎಷ್ಟೋ ಪಾಲಿಸಿಗಳಲ್ಲಿ ಚಳಿಗಾಲದ ಆಟಗಳನ್ನು ಹೊರಗಿಟ್ಟಿರುತ್ತಾರೆ. ಮೂರು ಪ್ರಶ್ನೆ ಕೇಳಿ: ಸ್ಕೀಯಿಂಗ್ ಸೇರಿದೆಯೇ? ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಇಳಿಸುವ ಖರ್ಚು ಕೊಡುತ್ತೀರಾ? ನನ್ನಿಂದ ಬೇರೆಯವರಿಗೆ ಪೆಟ್ಟಾದರೆ ಪರಿಹಾರ ಇದೆಯೇ? ಮೂರಕ್ಕೂ ಬರಹದಲ್ಲಿ ಉತ್ತರ ಪಡೆಯಿರಿ. ಮೂರನೆಯದು ಇಟಲಿ ಕಡೆ ದಾಟುವವರಿಗೆ ಕಡ್ಡಾಯವಾಗಿ ಬೇಕು. ಆ ವಿಷಯ ಆಮೇಲೆ ಬರುತ್ತದೆ.

ತಲುಪುವ ದಾರಿ

ಝ್ಯೂರಿಕ್ ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣವಿದೆ. ಅಲ್ಲಿಂದ ಫಿಸ್ಪ್ ಎಂಬ ಊರಿಗೆ ಬಂದು, ಅಲ್ಲಿ ಕೆಂಪು ಬಣ್ಣದ ಸಣ್ಣ ರೈಲಿಗೆ ಬದಲಾಯಿಸಬೇಕು. ಒಟ್ಟು ಸುಮಾರು ಮೂರೂವರೆ ಗಂಟೆ. ಜಿನೀವಾದಿಂದ ನಾಲ್ಕು ಗಂಟೆಯ ಹತ್ತಿರ. 2007ರಲ್ಲಿ ತೆರೆದ 34.6 ಕಿಲೋಮೀಟರಿನ ಲೋಟ್ಷ್‌ಬರ್ಗ್ ಸುರಂಗ ಝ್ಯೂರಿಕ್‌ನಿಂದ ಬರುವ ಪ್ರಯಾಣವನ್ನು ಬಹಳ ಕಡಿಮೆ ಮಾಡಿದೆ. ಫಿಸ್ಪ್‌ನಿಂದ ಝರ್ಮಾಟ್‌ಗೆ ಸುಮಾರು ಒಂದು ಗಂಟೆ ಹತ್ತು ನಿಮಿಷ. ಕಣಿವೆ ಕಿರಿದಾಗುತ್ತಾ ಹೋಗುತ್ತದೆ. ಹಳಿಯ ಮಧ್ಯೆ ಹಲ್ಲು ಇರುವ ಜಾಗದಲ್ಲಿ ರೈಲು ಕಚ್ಚಿಕೊಂಡು ಹತ್ತುತ್ತದೆ. ರಾಂಡಾ ಹತ್ತಿರ ಬೆಟ್ಟದ ಮೇಲೆ ದೊಡ್ಡ ಗಾಯದಂಥ ಗುರುತು ಕಾಣುತ್ತದೆ. 1991ರಲ್ಲಿ ಕುಸಿದ ಬಂಡೆಗಳ ಗುರುತು ಅದು. ಹಳಿಯನ್ನೂ ಮುಚ್ಚಿಬಿಟ್ಟಿತ್ತು.

ಜರ್ಮನಿಯಲ್ಲೋ ಫ್ರಾನ್ಸ್‌ನಲ್ಲೋ ಇರುವ ಕನ್ನಡಿಗರು ಕಾರಿನಲ್ಲೇ ಬರುವುದುಂಟು. ಕಾರು ಬರುವುದು ಟ್ಯಾಶ್ ಊರಿನವರೆಗೆ ಮಾತ್ರ. ಅಲ್ಲಿನ ದೊಡ್ಡ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ರೈಲು ಹತ್ತಬೇಕು. 20 ನಿಮಿಷಕ್ಕೊಂದು ರೈಲು, 12 ನಿಮಿಷದ ದಾರಿ. ನಮ್ಮ ಕಡೆಯವರು ಮಾಥೇರಾನ್‌ಗೆ ಹೋಗಿದ್ದರೆ ಇದು ಹೊಸದಾಗಿ ಕಾಣುವುದಿಲ್ಲ. ಅಲ್ಲೂ ದಸ್ತೂರಿಯಲ್ಲಿ ಕಾರು ಬಿಟ್ಟು ಒಳಗೆ ಹೋಗಬೇಕು, ಅಲ್ವಾ? ಇಲ್ಲಿ ಕುದುರೆಯ ಜಾಗದಲ್ಲಿ ಹೆಚ್ಚಾಗಿ ಬ್ಯಾಟರಿ ಗಾಡಿಗಳಿವೆ. ಡಬ್ಬಿಯ ಆಕಾರದ ಪುಟ್ಟ ಟ್ಯಾಕ್ಸಿಗಳು, ಬಸ್ಸುಗಳು. ಸದ್ದೇ ಇಲ್ಲದೆ ಹಿಂದಿನಿಂದ ಬರುತ್ತವೆ. ಮಕ್ಕಳ ಕೈ ಹಿಡಿದುಕೊಂಡಿರಿ. ಕಾರಿಲ್ಲದ ಊರು ಅಂದರೆ ಗಾಡಿಯೇ ಇಲ್ಲದ ಊರಲ್ಲ.

ಉಳಿಯುವ ಜಾಗ: ನಕ್ಷೆ ನೋಡಿ, ಬೆಲೆ ಆಮೇಲೆ

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕೆಂದರೆ ನಮ್ಮ ಮೊದಲ ಪ್ರವಾಸ ಅರ್ಧ ಕೆಟ್ಟಿದ್ದು ಇದರಿಂದಲೇ. ಅಗ್ಗಕ್ಕೆ ಸಿಕ್ಕಿತೆಂದು ಬೆಟ್ಟದ ಏರಿನಲ್ಲಿದ್ದ ಮನೆ ಹಿಡಿದೆವು. ನಕ್ಷೆಯಲ್ಲಿ ನಿಲ್ದಾಣಕ್ಕೆ ಹತ್ತೇ ನಿಮಿಷ. ಆದರೆ ನಕ್ಷೆಯಲ್ಲಿ ಏರು ಕಾಣುವುದಿಲ್ಲ. ದಿನಾ ಸಂಜೆ ಪ್ಲಾಸ್ಟಿಕ್ ಬೂಟು ಹಾಕಿಕೊಂಡು, ಹೆಪ್ಪುಗಟ್ಟಿದ ದಾರಿಯಲ್ಲಿ, ಮಗಳ ಸ್ಕೀಯನ್ನೂ ಹೊತ್ತುಕೊಂಡು ಆ ಏರು ಹತ್ತುವುದು ದೊಡ್ಡ ಹರಸಾಹಸವಾಯಿತು. ಮೂರನೇ ದಿನಕ್ಕೆ ಅವಳು ಬೆಟ್ಟಕ್ಕೇ ಬರುವುದಿಲ್ಲ ಎಂದಳು.

ಊರಿನಿಂದ ಮೇಲೆ ಹೋಗಲು ಮೂರು ದಾರಿ ಇವೆ. ರೈಲು ನಿಲ್ದಾಣದ ಎದುರಿಗೇ ಗೋರ್ನರ್‌ಗ್ರಾಟ್ ರೈಲು. ಅಲ್ಲಿಂದ ಸ್ವಲ್ಪ ನಡೆದು ಹೊಳೆ ದಾಟಿದರೆ ಸುನ್ನೆಗ್ಗಾಕ್ಕೆ ಹೋಗುವ ಸುರಂಗ ರೈಲು. ಊರಿನ ದಕ್ಷಿಣ ತುದಿಯಲ್ಲಿ, ನಿಲ್ದಾಣದಿಂದ 15-20 ನಿಮಿಷ ನಡೆದರೆ, ಮ್ಯಾಟರ್‌ಹಾರ್ನ್ ಶಿಖರದ ಕಡೆಯ ಗೊಂಡೋಲಾ, ಅಂದರೆ ಪುಟ್ಟ ಡಬ್ಬಿಗಳ ಕೇಬಲ್ ಕಾರು. ಕಲಿಯುವವರು ಮೊದಲ ದಿನಗಳಲ್ಲಿ ಹೋಗುವುದು ಸುನ್ನೆಗ್ಗಾಕ್ಕೆ. ಆದ್ದರಿಂದ ನಿಲ್ದಾಣ ಮತ್ತು ಸುನ್ನೆಗ್ಗಾ ನಡುವೆ, ಹೊಳೆಯ ಪಕ್ಕದ ಸಮತಟ್ಟಾದ ಜಾಗದಲ್ಲಿ ಮನೆ ಹಿಡಿಯಿರಿ. ಕೋಣೆ ಚಿಕ್ಕದಾದರೂ ಸರಿ. ಕಿಟಕಿಯಿಂದ ಮ್ಯಾಟರ್‌ಹಾರ್ನ್ ಕಾಣದಿದ್ದರೂ ಸರಿ, ಅದು ದಿನವಿಡೀ ಮೇಲೆ ಕಾಣುತ್ತದೆ.

ಇನ್ನೊಂದು ಉಪಾಯ. ಲಿಫ್ಟ್ ನಿಲ್ದಾಣಗಳ ಹತ್ತಿರ ಸ್ಕೀ, ಬೂಟು ಇಡಲು ಬಾಡಿಗೆ ಕಪಾಟುಗಳಿವೆ. ಬಾಡಿಗೆಗೆ ಸ್ಕೀ ಕೊಡುವ ಅಂಗಡಿಗಳೂ ರಾತ್ರಿ ಇಟ್ಟುಕೊಳ್ಳುತ್ತವೆ. ಸ್ವಲ್ಪ ಹಣ ಹೋದರೂ ಇದನ್ನು ಮಾಡಿ. ಬೆಳಗ್ಗೆ ಮಾಮೂಲಿ ಶೂ ಹಾಕಿಕೊಂಡು, ಕೈ ಬೀಸಿಕೊಂಡು ನಡೆದು ಹೋಗುವ ಸುಖವೇ ಬೇರೆ.

ಊಟದ ವ್ಯವಸ್ಥೆ

ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಒಳ್ಳೆಯದು. ಊರಲ್ಲಿ ಕೋಪ್, ಮಿಗ್ರೋಸ್ ಅಂಗಡಿಗಳಿವೆ. ಅಕ್ಕಿ, ತರಕಾರಿ, ಮೊಸರು ಸಿಗುತ್ತದೆ. ಊರಿಂದ ಅವಲಕ್ಕಿ, ಚಟ್ನಿಪುಡಿ, ಸಾರಿನ ಪುಡಿ, ಉಪ್ಪಿನಕಾಯಿ ತನ್ನಿ. ತುಪ್ಪ, ಪೇಡ, ಹಾಲಿನ ಸಿಹಿ ಮಾತ್ರ ಬೇಡ. ಭಾರತದಿಂದ ಹಾಲಿನ ಮತ್ತು ಮಾಂಸದ ಪದಾರ್ಥ ಸ್ವಿಟ್ಜರ್ಲೆಂಡಿಗೆ ತರುವಂತಿಲ್ಲ. ಈ ಎತ್ತರದಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ಬೇಳೆ ಬೇಗ ಬೇಯುವುದಿಲ್ಲ, ಬಾಡಿಗೆ ಮನೆಯಲ್ಲಿ ಕುಕ್ಕರ್ ಸಿಗುವುದೂ ಅಪರೂಪ. ತೊಗರಿಬೇಳೆ ಬಿಟ್ಟು ಹೆಸರುಬೇಳೆ ತಂದರೆ ಸುಲಭ.

ಹೊರಗೆ ತಿನ್ನುವ ಸಸ್ಯಾಹಾರಿಗಳಿಗೆ ಆಲೂಗಡ್ಡೆಯ ರೋಸ್ಟಿ ಇದೆ. ಬೇಕನ್ ಇಲ್ಲದ್ದು ಅಂತ ಕೇಳಿ. ಚೀಸ್ ಫಾಂಡ್ಯೂಗೆ ಸಾಮಾನ್ಯವಾಗಿ ವೈನ್ ಹಾಕುತ್ತಾರೆ, ಬೇಡದವರು ಗಮನಿಸಿ.

ಬೂಟು

ಸ್ಕೀ ಕೊಳ್ಳುವ ಅಗತ್ಯವಿಲ್ಲ. ಎಲ್ಲವನ್ನೂ ಬಾಡಿಗೆಗೆ ತೆಗೆದುಕೊಳ್ಳಿ. ಆದರೆ ಅಂಗಡಿಯಲ್ಲಿ ಅವಸರ ಮಾಡಬೇಡಿ. ಮೊದಲ ಸಲ ನನಗೆ ಒಂದು ಅಂಗಡಿಯಲ್ಲಿ ಒಂದು ಸೈಜ್ ದೊಡ್ಡ ಬೂಟು ಕೊಟ್ಟರು. ಹಾಕಿದಾಗ ಹಾಯಾಗಿತ್ತು. ಬೆಟ್ಟದ ಮೇಲೆ ಕಾಲು ಒಳಗೇ ಜಾರಿ, ಸ್ಕೀ ನನ್ನ ಮಾತು ಕೇಳಲೇ ಇಲ್ಲ. ಎರಡು ದಿನ ನನಗೆ ಈ ವಿದ್ಯೆ ಬರುವುದಿಲ್ಲ ಎಂದುಕೊಂಡಿದ್ದೆ. ಬೂಟು ಬದಲಾಯಿಸಿದ ಮಧ್ಯಾಹ್ನವೇ ತಿರುಗಲು ಬಂತು.

ಸರಿಯಾದ ಬೂಟು ಹೀಗೆ ಪರೀಕ್ಷಿಸಿ. ತೆಳುವಾದ ಒಂದೇ ಜೊತೆ ಉಣ್ಣೆ ಕಾಲುಚೀಲ ಹಾಕಿ. ಎರಡು ಜೊತೆ ಹಾಕಿದರೆ ಬೆಚ್ಚಗಾಗುವುದಿಲ್ಲ, ರಕ್ತ ಓಡದೆ ಇನ್ನೂ ತಣ್ಣಗಾಗುತ್ತದೆ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ತಾಗಬೇಕು. ಮಂಡಿ ಬಗ್ಗಿಸಿ, ಮಂಡಿಯ ಕೆಳಗಿನ ಕಾಲಿನ ಮುಂಭಾಗವನ್ನು ಬೂಟಿಗೆ ಒತ್ತಿದಾಗ ಬೆರಳು ಸ್ವಲ್ಪ ಹಿಂದೆ ಸರಿಯಬೇಕು. ಹಿಮ್ಮಡಿ ಮೇಲೆ ಏಳಬಾರದು. ಪ್ಯಾಂಟಿನ ಅಂಚು, ಒಳಚಡ್ಡಿಯ ಅಂಚು ಬೂಟಿನೊಳಗೆ ಸಿಕ್ಕಿಕೊಳ್ಳಬಾರದು, ಕಾಲುಚೀಲ ಮಾತ್ರ ಒಳಗಿರಬೇಕು.

ಅಂಗಡಿಯವರು ನಿಮ್ಮ ತೂಕ, ಎತ್ತರ, ವಯಸ್ಸು ಕೇಳುತ್ತಾರೆ. ಸಂಕೋಚವಿಲ್ಲದೆ ನಿಜ ಹೇಳಿ. ಬಿದ್ದಾಗ ಸ್ಕೀ ಬೂಟಿನಿಂದ ಕಳಚಿಕೊಳ್ಳುವ ಬಿಗಿತವನ್ನು ಅದರ ಮೇಲೆ ಹೊಂದಿಸುತ್ತಾರೆ. ತೂಕ ತಪ್ಪು ಹೇಳಿದರೆ ಬೇಡದಾಗ ಕಳಚುತ್ತದೆ, ಬೇಕಾದಾಗ ಕಳಚದೆ ಮಂಡಿ ತಿರುಚುತ್ತದೆ. ಹೊಸಬರಿಗೆ ಸ್ಕೀ ಉದ್ದ ಎದೆಯಿಂದ ಗಲ್ಲದವರೆಗೆ ಸಾಕು.

ಹೆಲ್ಮೆಟ್ ಕಡ್ಡಾಯವಾಗಿ ತೆಗೆದುಕೊಳ್ಳಿ. ಕನ್ನಡಕ ಇರುವವರು ಅದರ ಮೇಲೆ ಕೂರುವ ಗಾಗಲ್ ಕೇಳಿ. ಬಟ್ಟೆ ಮೂರು ಪದರ: ಮೈಗೆ ಅಂಟಿದಂತೆ ಉಣ್ಣೆಯದು, ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ನೀರು ತಡೆಯುವ ಜಾಕೆಟ್ ಮತ್ತು ಪ್ಯಾಂಟು. ಹತ್ತಿ ಬನಿಯನ್, ಜೀನ್ಸ್ ಬೇಡ. ಬೆವರಿನಲ್ಲಿ ಒದ್ದೆಯಾದ ಹತ್ತಿ ಲಿಫ್ಟಿನ ಮೇಲೆ ಕೂತಾಗ ಮೈ ಕೊರೆಯುತ್ತದೆ. ಎತ್ತರ 1,000 ಮೀಟರ್ ಹೆಚ್ಚಿದಂತೆ ಚಳಿ ಆರೇಳು ಡಿಗ್ರಿ ಹೆಚ್ಚುತ್ತದೆ. ಊರಲ್ಲಿ ಸೊನ್ನೆ ಇದ್ದರೆ ತುತ್ತತುದಿಯಲ್ಲಿ ಮೈನಸ್ 14-15.

ಸನ್‌ಸ್ಕ್ರೀನ್ ವಿಷಯದಲ್ಲಿ ನಮ್ಮವರು ಅಸಡ್ಡೆ ಮಾಡುತ್ತಾರೆ. ನಮ್ಮ ಚರ್ಮಕ್ಕೆ ಏನೂ ಆಗುವುದಿಲ್ಲ ಅಂತ. ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣಗಳಲ್ಲಿ 80 ಶೇಕಡಾದವರೆಗೆ ವಾಪಸ್ ಎಸೆಯುತ್ತದೆ. ಕೆಳಗಿನಿಂದಲೂ ಸುಡುತ್ತದೆ. ಮೂಗಿನ ಹೊಳ್ಳೆ, ಗಲ್ಲದ ಕೆಳಗೆ, ಕಿವಿಗೆ ಹಚ್ಚಿ. ತುಟಿಗೂ ಹಚ್ಚಿ. ಗಾಗಲ್ ಇಲ್ಲದೆ ಅರ್ಧ ದಿನ ನಿಂತರೆ ಕಣ್ಣಿಗೆ ಮರಳು ಬಿದ್ದಂತಾಗುತ್ತದೆ.

ಬಂದ ದಿನ ಮತ್ತು ಎತ್ತರ

ವಿಮಾನ ಇಳಿದು ಊರು ತಲುಪಿದ ದಿನ ಏನೂ ಮಾಡಬೇಡಿ. ಬೂಟು ಅಳತೆ ಕೊಡಿ, ಊರು ಸುತ್ತಿ, ನೀರು ಕುಡಿದು ಮಲಗಿ. ಚರ್ಚಿನ ಪಕ್ಕದಲ್ಲಿ ಬೆಟ್ಟ ಹತ್ತುವಾಗ ತೀರಿಕೊಂಡವರ ಸಮಾಧಿಗಳಿವೆ. ಅಲ್ಲಿ ಐದು ನಿಮಿಷ ನಿಂತು ಬನ್ನಿ. 1865ರ ಜುಲೈ 14ರಂದು ಎಡ್ವರ್ಡ್ ವಿಂಪರ್ ತಂಡದ ಏಳು ಜನ ಮೊದಲ ಸಲ 4,478 ಮೀಟರಿನ ಮ್ಯಾಟರ್‌ಹಾರ್ನ್ ಏರಿದರು. ಇಳಿಯುವಾಗ ಹಗ್ಗ ಕಿತ್ತು ನಾಲ್ವರು ಸತ್ತರು. ಈ ಊರಿನವರು ಬೆಟ್ಟದ ಬಗ್ಗೆ ಮಾತಾಡುವಾಗ ಯಾಕೆ ದನಿ ತಗ್ಗಿಸುತ್ತಾರೆ ಅಂತ ಅಲ್ಲಿ ಅರ್ಥವಾಗುತ್ತದೆ.

ಮೊದಲ ಎರಡು ದಿನ 3,883 ಮೀಟರಿನ ಕ್ಲೈನ್ ಮ್ಯಾಟರ್‌ಹಾರ್ನ್ ಎಂಬ ಇನ್ನೊಂದು ಶಿಖರಕ್ಕೆ ಹೋಗಲೇಬೇಡಿ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರನೇ ಎರಡು ಭಾಗಕ್ಕಿಂತ ಕಡಿಮೆ. ನನ್ನ ಭಾವ ಬಂದ ಮರುದಿನವೇ ಹಟ ಮಾಡಿ ಹೋದರು. ಮೆಟ್ಟಿಲು ಹತ್ತುವಾಗ ತಲೆ ಸುತ್ತಿತು, ಆಮೇಲೆ ಹೊಟ್ಟೆ ತೊಳಸಿತು. ಕೆಳಗೆ ಕರೆತಂದ ಒಂದು ಗಂಟೆಯಲ್ಲಿ ಸರಿಯಾದರು. ಔಷಧಿ ಇದೇ. ತಲೆನೋವು, ವಾಕರಿಕೆ, ಹೆಜ್ಜೆ ತಪ್ಪುವುದು ಕಂಡರೆ ಕಾಯಬೇಡಿ, ಇಳಿಸಿ. ಹೃದಯದ ತೊಂದರೆ, ಬಿಪಿ ಇರುವವರು ಮತ್ತು ಗರ್ಭಿಣಿಯರು ಮನೆಯಿಂದ ಪ್ರವಾಸಕ್ಕೆ ಹೊರಡುವ ಮುಂಚೆಯೇ ಡಾಕ್ಟರನ್ನು ಕೇಳಿ.

ಪಾಸು, ಮೇಷ್ಟ್ರು

ಇಟಲಿಯ ಚೆರ್ವೀನಿಯಾ ಕಡೆಯೂ ಸೇರಿ ಇಲ್ಲಿ 360 ಕಿಲೋಮೀಟರ್ ಸ್ಕೀ ದಾರಿ ಇದೆ. ಕೌಂಟರಿನಲ್ಲಿ ಅದೆಲ್ಲಕ್ಕೂ ಲಿಫ್ಟ್ ಪಾಸ್ ತೆಗೆದುಕೊಳ್ಳುವ ಆಸೆಯಾಗುತ್ತದೆ. ಮೊದಲ ಎರಡು ಮೂರು ದಿನ ನೀವು ಓಡಾಡುವುದು 200 ಮೀಟರ್ ಜಾಗದಲ್ಲಿ. "ಹೊಸಬ, ಸುನ್ನೆಗ್ಗಾದಲ್ಲಿ ಮಾತ್ರ ಕಲಿಯುತ್ತೇನೆ" ಎಂದು ಹೇಳಿ, ಅದಕ್ಕೆ ಯಾವ ಟಿಕೆಟ್ ಸಾಕು ಎಂದು ಕೇಳಿ. ದೊಡ್ಡ ಪಾಸ್ ಆಮೇಲೆ ಕೊಂಡರಾಯಿತು. ಬೆಲೆ ದಿನಕ್ಕೆ ತಕ್ಕಂತೆ ಬದಲಾಗುತ್ತದೆ, ಮುಂಚೆಯೇ ಆನ್‌ಲೈನ್‌ನಲ್ಲಿ ಕೊಂಡರೆ ಸಾಮಾನ್ಯವಾಗಿ ಕಡಿಮೆ.

ಉಳಿಸಿದ ಹಣವನ್ನು ಮೇಷ್ಟ್ರಿಗೆ ಹಾಕಿ. ಗಂಡ ಹೆಂಡತಿಗೆ, ಅಪ್ಪ ಮಗನಿಗೆ ಕಲಿಸುವುದು ಬೇಡ. ಜಗಳ ಖಂಡಿತ. ಸ್ಕೀ ಶಾಲೆಗಳಲ್ಲಿ ಇಂಗ್ಲಿಷ್‌ನಲ್ಲಿ ಕಲಿಸುವ ಗುಂಪು ತರಗತಿಗಳಿವೆ. ಕನಿಷ್ಠ ಮೂರು ದಿನ ಸೇರಿ. ಮಕ್ಕಳನ್ನು ಬೇರೆ ಗುಂಪಿಗೆ ಸೇರಿಸಿ, ಅವರು ನಿಮಗಿಂತ ಬೇಗ ಕಲಿಯುತ್ತಾರೆ.

ಹಿಮದ ಮೇಲೆ ಮೊದಲ ಮೂರು ದಿನ

ಸುರಂಗ ರೈಲು ಸುಮಾರು ಐದು ನಿಮಿಷದಲ್ಲಿ ನಿಮ್ಮನ್ನು 2,288 ಮೀಟರಿನ ಸುನ್ನೆಗ್ಗಾಕ್ಕೆ ಬಿಡುತ್ತದೆ. ಅಲ್ಲಿಂದ ಸ್ವಲ್ಪ ಕೆಳಗೆ ಲೈಜೀ ಕೆರೆಯ ಬಳಿ ಹೊಸಬರ ಮೈದಾನವಿದೆ. ಅದರ ಹೆಸರು ವೊಲ್ಲಿ ಪಾರ್ಕ್. ಕೆಳಗಿಳಿಯಲು ಪುಟ್ಟ ಲಿಫ್ಟ್ ಇದೆ. ಮೈದಾನದಲ್ಲಿ ಕನ್ವೇಯರ್ ಬೆಲ್ಟಿನಂಥ ಚಲಿಸುವ ಚಾಪೆ ಇರುತ್ತದೆ. ಅದರ ಮೇಲೆ ನಿಂತರೆ ಸಾಕು, ಮೇಲೆ ಒಯ್ಯುತ್ತದೆ.

ಮೊದಲು ಬರೀ ಬೂಟಿನಲ್ಲಿ ಹತ್ತು ನಿಮಿಷ ನಡೆಯಿರಿ. ಆಮೇಲೆ ಒಂದೇ ಕಾಲಿಗೆ ಸ್ಕೀ ಹಾಕಿ, ಇನ್ನೊಂದು ಕಾಲಿನಿಂದ ತಳ್ಳಿಕೊಂಡು ಜಾರಿ. ಮಕ್ಕಳ ಸ್ಕೂಟರ್ ತಳ್ಳಿದ ಹಾಗೆ. ಕಾಲು ಬದಲಾಯಿಸಿ. ಹಿಮ ಎಷ್ಟು ಜಾರುತ್ತದೆ ಎನ್ನುವುದು ಮೈಗೆ ಗೊತ್ತಾಗಬೇಕು, ತಲೆಗೆ ಗೊತ್ತಾದರೆ ಸಾಲದು.

ಎರಡೂ ಸ್ಕೀ ಹಾಕುವ ಮುಂಚೆ ಬೂಟಿನ ಅಡಿಯ ಹಿಮವನ್ನು ಕೋಲಿನಿಂದ ಕೆರೆದು ತೆಗೆಯಿರಿ. ಇಳಿಜಾರಿಗೆ ಅಡ್ಡಲಾಗಿ ನಿಲ್ಲಿ. ಕೆಳಗಿನ ಸ್ಕೀ ಮೊದಲು, ಮೇಲಿನದು ಆಮೇಲೆ. ಬೆರಳು ಮೊದಲು ಒಳಗೆ, ಹಿಮ್ಮಡಿ ಒತ್ತಿದಾಗ ಟಕ್ ಎಂದು ಸದ್ದು.

ಈಗ ನಿಲ್ಲುವುದನ್ನು ಕಲಿಯಿರಿ. ಸ್ಕೀಗಳ ಮೂತಿ ಹತ್ತಿರ, ಬಾಲ ದೂರ. ಇದಕ್ಕೆ ಅಲ್ಲಿನವರು ಹಿಮದ ನೇಗಿಲು ಅನ್ನುತ್ತಾರೆ, ಮಕ್ಕಳಿಗೆ ಪಿಜ್ಜಾ ಅಂತ ಹೇಳಿಕೊಡುತ್ತಾರೆ. ಹಿಮ್ಮಡಿಗಳನ್ನು ಹೊರಗೆ ತಳ್ಳಿದಷ್ಟೂ ಸ್ಕೀಗಳ ಒಳ ಅಂಚು ಹಿಮವನ್ನು ಕೆರೆಯುತ್ತದೆ, ವೇಗ ಇಳಿಯುತ್ತದೆ. ಮೂತಿಗಳು ಒಂದರ ಮೇಲೊಂದು ಹತ್ತಬಾರದು. ನಿಲ್ಲಲು ಬರುವ ತನಕ ಚಾಪೆಯ ಅರ್ಧದಿಂದಲೇ ಇಳಿಯಿರಿ, ಪೂರ್ತಿ ಮೇಲಿಂದ ಬೇಡ.

ಹೊಸಬರೆಲ್ಲ ಮಾಡುವ ತಪ್ಪು ಒಂದೇ. ಹೆದರಿಕೆಯಾದ ತಕ್ಷಣ ಹಿಂದಕ್ಕೆ ವಾಲುತ್ತಾರೆ. ನೆಲದ ಮೇಲೆ ಹಾಗೆ ವಾಲಿದರೆ ವೇಗ ಕಡಿಮೆಯಾಗುತ್ತದೆ, ಹಾಗಾಗಿ ಮೈ ತಾನಾಗಿ ಅದನ್ನೇ ಮಾಡುತ್ತದೆ. ಹಿಮದ ಮೇಲೆ ಉಲ್ಟಾ. ಭಾರ ಹಿಂದೆ ಹೋದಾಗ ಮೂತಿ ಹಗುರಾಗಿ ಸ್ಕೀ ನಿಮ್ಮ ಕೈ ಬಿಟ್ಟು ಓಡುತ್ತದೆ. ಮಂಡಿಯ ಕೆಳಗಿನ ಕಾಲಿನ ಮುಂಭಾಗವನ್ನು ಬೂಟಿಗೆ ಒತ್ತಿಯೇ ಇರಿ. ಕೈಗಳು ಮುಂದೆ, ದೊಡ್ಡ ತಟ್ಟೆಯಲ್ಲಿ ಊಟ ಹಿಡಿದುಕೊಂಡು ಬರುವವರ ಹಾಗೆ. ಕಣ್ಣು ಸ್ಕೀ ಮೇಲೆ ಬೇಡ, ಹೋಗಬೇಕಾದ ಕಡೆ ಇರಲಿ. ನನಗೆ ಇಷ್ಟು ಮೈಗೂಡಲು ಎರಡು ಪೂರ್ತಿ ದಿನ ಬೇಕಾಯಿತು.

ತಿರುಗುವುದು ಭಾರದ ಕೆಲಸ, ಭುಜದ್ದಲ್ಲ. ಎಡಕ್ಕೆ ತಿರುಗಬೇಕೆಂದರೆ ಬಲ ಸ್ಕೀ ಮೇಲೆ ಭಾರ ಹಾಕಿ ಕಾಯಿರಿ. ಕಾಯುವುದೇ ಕಷ್ಟ. ಅರ್ಧ ಕ್ಷಣ ಮೂತಿ ಕೆಳಮುಖವಾಗಿ ಎದೆ ಢವಢವ ಅನ್ನುತ್ತದೆ. ಆ ಕ್ಷಣದಲ್ಲಿ ಮೈ ತಿರುಚದೆ ಭಾರ ಬಿಡದೆ ಇದ್ದರೆ ಸ್ಕೀ ತಾನೇ ತಿರುಗುತ್ತದೆ. ಆಮೇಲೆ ಎಡ ಸ್ಕೀ ಮೇಲೆ ಭಾರ.

ಬೀಳುತ್ತೀರಿ. ಬೀಳುವುದಾದರೆ ಪಕ್ಕಕ್ಕೆ, ಬೆಟ್ಟದ ಕಡೆಗೆ ಬೀಳಿ. ಏಳುವಾಗ ಎರಡೂ ಸ್ಕೀಗಳನ್ನು ನಿಮ್ಮ ಕೆಳಗಡೆಗೆ, ಇಳಿಜಾರಿಗೆ ಅಡ್ಡಲಾಗಿ ತನ್ನಿ. ಆಮೇಲೆ ಕೈ ಊರಿ ಏಳಿ. ಆಗದಿದ್ದರೆ ಒಂದು ಸ್ಕೀ ಕಳಚಿ ಏಳಿ, ಅದರಲ್ಲಿ ಅವಮಾನ ಏನೂ ಇಲ್ಲ.

ದಿನದ ಲೆಕ್ಕ ಹೀಗಿಡಿ. ಬೆಳಗ್ಗೆ ಒಂಬತ್ತರಿಂದ ಹನ್ನೊಂದೂವರೆ ಒಳ್ಳೆಯ ಹೊತ್ತು. ರಾತ್ರಿ ಯಂತ್ರದಿಂದ ಹದ ಮಾಡಿದ ಹಿಮ ಆಗ ನುಣ್ಣಗಿರುತ್ತದೆ. ಊಟಕ್ಕೆ ಒಂದು ಗಂಟೆ ಕೂರಿ. ಎರಡೂವರೆ ಹೊತ್ತಿಗೆ ತೊಡೆ ನಡುಗಲು ಶುರುವಾದರೆ ಅಲ್ಲಿಗೆ ನಿಲ್ಲಿಸಿ. ಇನ್ನೊಂದೇ ಸಲ ಅಂತ ಹೋದಾಗಲೇ ಪೆಟ್ಟಾಗುವುದು.

ಲಿಫ್ಟ್ ಹತ್ತುವುದು

ಕುರ್ಚಿ ಲಿಫ್ಟ್‌ಗೆ ಹೆದರುವವರು ಬಹಳ. ಕೋಲುಗಳ ಪಟ್ಟಿ ಮಣಿಕಟ್ಟಿನಿಂದ ಬಿಚ್ಚಿ ಒಂದೇ ಕೈಯಲ್ಲಿ ಹಿಡಿಯಿರಿ. ಗೇಟು ತೆರೆದ ತಕ್ಷಣ ಗೆರೆಯವರೆಗೆ ಹೋಗಿ ಹಿಂದೆ ನೋಡಿ ಕೂರಿ. ಅಡ್ಡಕಂಬಿ ಇಳಿಸಿ. ಇಳಿಯುವಾಗ ಸ್ಕೀ ಮೂತಿ ಮೇಲೆತ್ತಿ, ಎದ್ದು, ನೇರ ಜಾರಿ ಮುಂದೆ ಹೋಗಿ. ಇಳಿದ ಜಾಗದಲ್ಲೇ ನಿಂತು ಗಾಗಲ್ ಸರಿಮಾಡಿಕೊಳ್ಳಬೇಡಿ, ಹಿಂದೆ ಇನ್ನೊಂದು ಕುರ್ಚಿ ಬರುತ್ತಿರುತ್ತದೆ. ಹೊಸಬ ಎಂದು ಸನ್ನೆ ಮಾಡಿದರೆ ಲಿಫ್ಟಿನವರು ವೇಗ ತಗ್ಗಿಸುತ್ತಾರೆ. ಹಿಮನದಿಯ ಮೇಲಿನ ಟಿ ಆಕಾರದ ಕೋಲಿನ ಲಿಫ್ಟ್ ಬೇರೆ. ಅದರ ಮೇಲೆ ಕೂರುವಂತಿಲ್ಲ. ಅದು ಹಿಂದಿನಿಂದ ಎಳೆಯುತ್ತದೆ, ನೀವು ನಿಂತೇ ಇರಬೇಕು.

ನಾಲ್ಕನೇ ದಿನ: ಗೋರ್ನರ್‌ಗ್ರಾಟ್

ದಾರಿಗಳಿಗೆ ಬಣ್ಣ ಇದೆ. ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಡಿದು. ಹಳದಿ ಅಂದರೆ ಹದ ಮಾಡದ ದಾರಿ, ಹೊಸಬರಿಗಲ್ಲ. ಸುನ್ನೆಗ್ಗಾ ಸುತ್ತ ನೀಲಿ ದಾರಿಯಲ್ಲಿ ಬೀಳದೆ ಇಳಿಯಲು ಬಂದ ಮೇಲೆ ಗೋರ್ನರ್‌ಗ್ರಾಟ್‌ಗೆ ಹೋಗಿ.

1898ರಿಂದ ಓಡುತ್ತಿರುವ ಈ ರೈಲು ಅರ್ಧ ಗಂಟೆ ಚಿಲ್ಲರೆಯಲ್ಲಿ 3,089 ಮೀಟರ್ ತಲುಪುತ್ತದೆ. ಹೋಗುವಾಗ ಬಲಗಡೆ ಕೂರಿ. ಸ್ಕೀ ಮಾಡದ ಅಮ್ಮ ಅಪ್ಪನನ್ನೂ ಕರೆದುಕೊಂಡು ಹೋಗಬಹುದು, ಅದು ನನಗೆ ಈ ಊರಿನ ಬಗ್ಗೆ ತುಂಬಾ ಇಷ್ಟವಾದ ಸಂಗತಿ. ನನ್ನ ಅಮ್ಮ ಸೀರೆಯ ಮೇಲೆ ಎರಡು ಸ್ವೆಟರು, ಜಾಕೆಟ್ಟು ಹಾಕಿಕೊಂಡು ಅಲ್ಲಿ ಬಿಸಿಲಲ್ಲಿ ಕೂತಿದ್ದರು. ನಾನು ಇಳಿದು ಹೋಗುವುದನ್ನು ಮೇಲಿಂದ ನೋಡಿದರು.

ಅಲ್ಲಿಂದ ರಿಫೆಲ್‌ಬರ್ಗ್ ಕಡೆಗೆ ಅಗಲವಾದ ಸುಲಭ ದಾರಿಗಳಿವೆ. ಎದುರಿಗೆ ಮ್ಯಾಟರ್‌ಹಾರ್ನ್. ಅವಸರ ಬೇಡ, ಅಂಚಿನಲ್ಲಿ ನಿಂತು ನಿಂತು ಇಳಿಯಿರಿ. ರಿಫೆಲ್‌ಬರ್ಗ್‌ನಲ್ಲಿ ಮತ್ತೆ ರೈಲು ಹತ್ತಿ ಮೇಲೆ ಬನ್ನಿ. ಎರಡು ಮೂರು ಸಲ ಹೀಗೆ ಮಾಡಿ. ಊರಿನ ತನಕ ಸ್ಕೀಯಲ್ಲೇ ಇಳಿಯುವ ಆಸೆ ಮಾತ್ರ ಬಿಡಿ. ಸಂಜೆ ಊರಿನ ಹತ್ತಿರದ ದಾರಿಗಳು ಕಿರಿದು, ಜನಜಂಗುಳಿ, ಹಿಮ ಗಾಜಿನಂತೆ ಗಟ್ಟಿಯಾಗಿರುತ್ತದೆ. ರೈಲಿನಲ್ಲಿ ಇಳಿಯಿರಿ.

ದಾರಿಯ ನಿಯಮ, ಬಿದ್ದವರ ನೆರವು

ಮುಂದೆ, ಅಂದರೆ ಕೆಳಗೆ ಇರುವವರಿಗೆ ದಾರಿ ಬಿಡಬೇಕು. ಹಿಂದಿನಿಂದ ಬರುವವರದೇ ಜವಾಬ್ದಾರಿ. ಶುರು ಮಾಡುವ ಮುಂಚೆ ಮೇಲೆ ನೋಡಿ. ನಿಲ್ಲುವುದಾದರೆ ಅಂಚಿನಲ್ಲಿ, ತಿರುವಿನ ಮರೆಯಲ್ಲಿ ಅಲ್ಲ. ಹಗ್ಗ ಕಟ್ಟಿದ ಆಚೆ ಹೋಗಲೇಬೇಡಿ. ಹಿಮನದಿಯಲ್ಲಿ ಹಿಮದ ತೆಳು ಹೊದಿಕೆಯ ಕೆಳಗೆ ಆಳವಾದ ಬಿರುಕುಗಳಿರುತ್ತವೆ. ಬೇರೆಯವರ ಸ್ಕೀ ಗುರುತು ಕಂಡಿತೆಂದು ಹೋಗುವುದು ಜೀವಕ್ಕೆ ಅಪಾಯ.

ಯಾರಾದರೂ ಬಿದ್ದು ಏಳದಿದ್ದರೆ ಅವರಿಗಿಂತ ಸ್ವಲ್ಪ ಮೇಲೆ ಎರಡು ಸ್ಕೀಗಳನ್ನು ಗುಣಾಕಾರದ ಗುರುತಿನಂತೆ ಹಿಮದಲ್ಲಿ ನೆಡಿ. ಮೇಲಿಂದ ಬರುವವರಿಗೆ ಅದು ಎಚ್ಚರಿಕೆ. 144ಕ್ಕೆ ಫೋನ್ ಮಾಡಿ. ದಾರಿಯ ಬಣ್ಣ ಮತ್ತು ಕಂಬದ ಮೇಲಿನ ಸಂಖ್ಯೆ ಹೇಳಿ. ಗಾಯಗೊಂಡವರ ಹೆಲ್ಮೆಟ್ ತೆಗೆಯಲು ಹೋಗಬೇಡಿ, ಮೇಲೆ ಜಾಕೆಟ್ ಹೊದಿಸಿ.

ಇಟಲಿಯ ಕಡೆ

ಕೆಂಪು ದಾರಿ ನೆಮ್ಮದಿಯಿಂದ ಇಳಿಯಲು ಬಂದವರಿಗೆ ಮಾತ್ರ ಇದು. ಸ್ಕೀ ಮೇಲೆಯೇ ಗಡಿ ದಾಟಿ ಚೆರ್ವೀನಿಯಾದಲ್ಲಿ ಪಾಸ್ತಾ ತಿಂದು ವಾಪಸ್ ಬರಬಹುದು. 2023ರ ಜುಲೈನಿಂದ ಕ್ಲೈನ್ ಮ್ಯಾಟರ್‌ಹಾರ್ನ್ ಮತ್ತು ಇಟಲಿ ಗಡಿಯ ಟೆಸ್ಟಾ ಗ್ರಿಜಾ ನಡುವೆ ಕೇಬಲ್ ಕಾರು ಕೂಡ ಇದೆ. ಆದ್ದರಿಂದ ಸ್ಕೀ ಮಾಡದವರೂ ದಾಟಬಹುದು.

ಇಟಲಿಯಲ್ಲಿ ಹೆಲ್ಮೆಟ್ ಕಡ್ಡಾಯ. ಬೇರೆಯವರಿಗಾದ ಪೆಟ್ಟಿನ ವಿಮೆ 2022ರಿಂದ ಕಡ್ಡಾಯ. ಪಾಸ್‌ಪೋರ್ಟ್ ಜೇಬಲ್ಲಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ವಾಪಸ್ ಬರುವ ಕೊನೆಯ ಲಿಫ್ಟಿನ ಸಮಯ ಬೆಳಗ್ಗೆಯೇ ಬರೆದುಕೊಳ್ಳಿ. ಅದಕ್ಕಿಂತ ಒಂದೂವರೆ ಗಂಟೆ ಮುಂಚೆ ಹೊರಡಿ. ಗಾಳಿ ಜೋರಾದರೆ ಮೇಲಿನ ಲಿಫ್ಟ್‌ಗಳನ್ನು ನಿಲ್ಲಿಸಿಬಿಡುತ್ತಾರೆ. ಆಗ ಉಳಿಯುವ ದಾರಿ ಒಂದೇ. ಟ್ಯಾಕ್ಸಿ ಹಿಡಿದು, ಬೆಟ್ಟವನ್ನೇ ಸುತ್ತಿ, ಟ್ಯಾಶ್‌ವರೆಗೆ ಹಲವು ಗಂಟೆಗಳ ಪ್ರಯಾಣ. ಗಾಳಿಯ ಮುನ್ಸೂಚನೆ ಚೆನ್ನಾಗಿಲ್ಲದ ದಿನ ಹೋಗಲೇಬೇಡಿ.

ಹೊರಡುವ ಹಿಂದಿನ ಸಂಜೆ

ಬಾಡಿಗೆ ಸ್ಕೀ, ಬೂಟು ಆ ಸಂಜೆಯೇ ವಾಪಸ್ ಕೊಡಿ. ಬೆಳಗ್ಗೆ ಅಂಗಡಿ ತೆರೆಯುವುದನ್ನು ಕಾಯುತ್ತಾ ರೈಲು ತಪ್ಪಿಸಿಕೊಂಡವರನ್ನು ನೋಡಿದ್ದೇನೆ. ಒದ್ದೆ ಗ್ಲೌಸನ್ನು ಹೀಟರಿನ ಹತ್ತಿರ, ಆದರೆ ಅದರ ಮೇಲಲ್ಲ, ಒಣಗಲು ಬಿಡಿ. ಬೆಳಗ್ಗೆ ಭಾರದ ಸೂಟ್‌ಕೇಸ್ ಇದ್ದರೆ ಬ್ಯಾಟರಿ ಟ್ಯಾಕ್ಸಿಯನ್ನು ಹಿಂದಿನ ದಿನವೇ ಹೇಳಿಡಿ. ಮಿಕ್ಕ ಅವಲಕ್ಕಿಗೆ ಚಟ್ನಿಪುಡಿ ಕಲಸಿ ಡಬ್ಬಿಗೆ ಹಾಕಿಕೊಳ್ಳಿ. ಝ್ಯೂರಿಕ್‌ವರೆಗೆ ಮೂರೂವರೆ ಗಂಟೆ ಇದೆ, ಮಕ್ಕಳಿಗೆ ಫಿಸ್ಪ್ ಬರುವ ಮುಂಚೆಯೇ ಹಸಿವಾಗುತ್ತದೆ.